ಅಂಬಿಗನಿಗೆ ಊರು ಹೇಳಿದ ಮಾತು

"ಗುರುಗಳೇ, ಖಂಡನೆ ಎಂಬ ಮಾತನ್ನು ಎಲ್ಲಿ ಬಳಸಬೇಕು?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ನಿಜಗುಣ. ಮಾತಿನ ವಿಷಯದಲ್ಲಿ ಅವನು ಬಹಳ ಎಚ್ಚರದವನು. ಒಂದು ಶಬ್ದ ಹೆಚ್ಚಾದರೂ ಅವನು ಸಹಿಸುತ್ತಿರಲಿಲ್ಲ, ಕಡಿಮೆಯಾದರೂ ಸಹಿಸುತ್ತಿರಲಿಲ್ಲ. ಆ ವಾರ ಊರಿನ ಧಣಿ ತನ್ನ ಆಳೊಬ್ಬನನ್ನು ಕಂಬಕ್ಕೆ ಕಟ್ಟಿಸಿ ಹೊಡೆಸಿದ್ದ. ಆಳಿನ ತೋಳು ಮುರಿದಿತ್ತು. ಸುದ್ದಿ ಕೇಳಿ ಮಠದ ಶಿಷ್ಯರೆಲ್ಲ ಕುದಿದುಹೋದರು. ಮಠ ಸುಮ್ಮನಿರಬಾರದು, ಏನಾದರೂ ಹೇಳಲೇಬೇಕು ಎಂದು ತೀರ್ಮಾನಿಸಿದರು. ಹೇಳುವ ಮಾತನ್ನು ಸಿದ್ಧಪಡಿಸುವ ಕೆಲಸ ನಿಜಗುಣನ ಪಾಲಿಗೆ ಬಂದಿತ್ತು.

"ಆಕ್ಷೇಪ ಎಂದರೆ ತೀರ ಮೆತ್ತಗಾಯಿತು," ಎಂದು ಅವನು ಮುಂದುವರಿಸಿದ. "ಛೀಮಾರಿ ಎಂದರೆ ಒರಟಾಯಿತು. ಖಂಡನೆ ಸರಿಹೋಗುತ್ತದೆ ಎನಿಸುತ್ತದೆ. ಆದರೂ ಅದರ ತೂಕ ತಿಳಿಯದೆ ಬಳಸಬಾರದು ಎಂದು ತಮ್ಮ ಹತ್ತಿರ ಬಂದೆ."

ಗುರುಗಳು ಎದುರಿನ ಚಾಪೆ ತೋರಿಸಿದರು.

"ಕುಳಿತುಕೋ," ಎಂದರು. "ಒಂದು ಊರು ಆ ಮಾತನ್ನು ಬಳಸಿದ ಕತೆ ಹೇಳುತ್ತೇನೆ."

ಹೊಳೆಯ ದಂಡೆಯಲ್ಲಿ ಒಂದು ಊರು. ಸಂತೆ ನಡೆಯುತ್ತಿದ್ದದ್ದು ಆಚೆ ದಡದಲ್ಲಿ. ದಾಟಿಸಲು ಇದ್ದವನು ಒಬ್ಬನೇ ಅಂಬಿಗ, ಇದ್ದದ್ದು ಒಂದೇ ದೋಣಿ. ದೋಣಿ ಹಳೆಯದು. ತಳದ ಹಲಗೆಯೊಂದು ಮೆತ್ತಗಾಗಿ ಸೀಳು ಬಿಟ್ಟಿತ್ತು. ಅಂಬಿಗ ಆ ಸೀಳಿಗೆ ಹಳೆಯ ಬಟ್ಟೆ ತುರುಕಿ, ಮೇಲೆ ಅರಗು ಬಳಿದು ಕಾಲ ತಳ್ಳುತ್ತಿದ್ದ.

ಇದು ಗುಟ್ಟೇನೂ ಆಗಿರಲಿಲ್ಲ. ಹತ್ತಿದವರೆಲ್ಲರ ಪಾದವೂ ಒದ್ದೆಯಾಗುತ್ತಿತ್ತು. ತೆಂಗಿನ ಚಿಪ್ಪಿನಲ್ಲಿ ನೀರು ಮೊಗೆದು ಹೊರಗೆ ಚೆಲ್ಲುತ್ತ ಊರಿನವರು ಹೊಳೆ ದಾಟುತ್ತಿದ್ದರು. ಯಾರ ಕೈಗೆ ಚಿಪ್ಪು ಬರುತ್ತದೋ ಅವರನ್ನು ಉಳಿದವರು ತಮಾಷೆ ಮಾಡುತ್ತಿದ್ದರು. "ಹೊಸ ಹಲಗೆ ಹಾಕಿಸಬೇಕು," ಎಂದು ಅಂಬಿಗ ಆಗಾಗ ಹೇಳುತ್ತಿದ್ದ. "ಹಾಕಿಸಿದರಾಯಿತು," ಎಂದು ಅವರು ಅನ್ನುತ್ತಿದ್ದರು. ಹಲಗೆ ಹಾಕಿಸಬೇಕೆಂದರೆ ದೋಣಿಯನ್ನು ಕೆಲವು ದಿನ ದಡಕ್ಕೆ ಎಳೆಯಬೇಕು. ಆ ಕೆಲವು ದಿನ ಯಾರಿಗೂ ಬೇಕಾಗಿರಲಿಲ್ಲ.

ಆ ಊರಿನ ಯಜಮಾನ ಒಬ್ಬ ಕಂಬಳಿ ವ್ಯಾಪಾರಿ. ಒಳ್ಳೆಯ ಮನುಷ್ಯ. ಸುಳ್ಳು ಆಡಿದವನಲ್ಲ, ಯಾರ ಮೇಲೂ ಕೈ ಎತ್ತಿದವನಲ್ಲ. ಮಾತು ಎಂದರೆ ಅವನಿಗೆ ಬಲು ಗೌರವ. ಅಣ್ಣತಮ್ಮಂದಿರ ಜಗಳವಿರಲಿ, ಮದುವೆಯ ಮಾತುಕತೆಯಿರಲಿ, ಅವನು ಬಾಯಿ ತೆರೆದರೆ ಎರಡೂ ಕಡೆಯವರು ತಣ್ಣಗಾಗುತ್ತಿದ್ದರು. ತನ್ನ ಮಾತಿನಿಂದ ಊರು ನೆಟ್ಟಗಿದೆ ಎಂದು ಅವನು ಎಲ್ಲೂ ಹೇಳಿಕೊಂಡಿರಲಿಲ್ಲ. ಒಳಗೊಳಗೆ ನಂಬಿದ್ದ.

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಹೊಳೆಯ ನಡುವೆ ಆ ಹಲಗೆ ಬಿಟ್ಟುಕೊಂಡಿತು. ದೋಣಿ ಒಂದು ಪಕ್ಕಕ್ಕೆ ಕೂತು ಮುಳುಗಿತು. ಈಜು ಬಂದವರು ಈಜಿದರು. ಬರದವರು ದೋಣಿಯ ಅಂಚನ್ನೋ ಇನ್ನೊಬ್ಬರ ಹೆಗಲನ್ನೋ ಹಿಡಿದು ಹೇಗೋ ದಡ ಸೇರಿದರು. ನೀಲವ್ವ ಸೇರಲಿಲ್ಲ.

ನೀಲವ್ವ ಮೊಸರು ಮಾರುವವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಎಮ್ಮೆ ಕಟ್ಟಿಕೊಂಡು ತನ್ನ ಮುದಿ ತಾಯಿಯನ್ನು ಸಾಕುತ್ತಿದ್ದಳು. ಕೆಳಗಿನ ಮಡುವಿನಲ್ಲಿ ಅವಳ ಹೆಣ ಸಿಕ್ಕಿತು. ದೋಣಿಯೂ ಅಲ್ಲೇ ಬಂಡೆಗೆ ಒರಗಿ ನಿಂತಿತ್ತು. ಊರಿನವರು ಎರಡನ್ನೂ ಎಳೆದು ತಂದರು. ಹೆಣವನ್ನು ಮಣ್ಣು ಮಾಡಿದರು. ದೋಣಿಯನ್ನು ಜನ ಹತ್ತಿ ಇಳಿಯುವ ಕಡವಿನಲ್ಲಿ ಕಟ್ಟಿದರು.

ಮರುದಿನ ಅರಳಿಕಟ್ಟೆಯಲ್ಲಿ ಸಭೆ ಸೇರಿತು. ವ್ಯಾಪಾರಿ ಮಡಿ ಪಂಚೆಯುಟ್ಟು ಬಂದು ನಡುವೆ ಕುಳಿತ. ಅವನಿಗೆ ನಿಜವಾಗಿಯೂ ದುಃಖವಾಗಿತ್ತು. ನೀಲವ್ವನ ಮೊಸರು ಅವನ ಮನೆಗೂ ಬರುತ್ತಿತ್ತು. ಅಂಬಿಗ ಎದುರಿಗೆ ತಲೆವಸ್ತ್ರ ತೆಗೆದು ನಿಂತಿದ್ದ. ತಪ್ಪಿಲ್ಲ ಎಂದು ಅವನು ವಾದಿಸಲಿಲ್ಲ.

"ಹಲಗೆ ಕೆಟ್ಟದ್ದು ನನಗೆ ಗೊತ್ತಿತ್ತು," ಎಂದ. "ಗೊತ್ತಿದ್ದೂ ಹತ್ತಿಸಿದೆ."

ಒಬ್ಬ ಕುಂಬಾರ ಎದ್ದು, "ಆ ದೋಣಿ ಇನ್ನು ನೀರಿಗೆ ಇಳಿಯುವುದು ಬೇಡ. ಹೊಸದು ಆಗುವವರೆಗೆ ಯಾರೂ ದಾಟುವುದು ಬೇಡ," ಎಂದ.

ಯಾರೂ ಅವನನ್ನು ಬೈಯಲಿಲ್ಲ. ನಾಳೆ ಸಂತೆ ಎಂದು ಒಬ್ಬರು ನೆನಪಿಸಿದರು, ಅಷ್ಟೆ. ದೂರದ ಸೇತುವೆ ಹಿಡಿದು ಸುತ್ತಿ ಹೋದರೆ ಹೋದ ದಿನ ಮರಳಿ ಬರಲಾಗದು ಎಂದು ಇನ್ನೊಬ್ಬರು ಹೇಳಿದರು. ಮಾರಾಟಕ್ಕೆ ಕಟ್ಟಿಟ್ಟ ತರಕಾರಿ ಕೊಳೆಯುತ್ತದೆ ಎಂದು ಒಬ್ಬಾಕೆ ಮೆಲ್ಲಗೆ ಅಂದಳು. ಕುಂಬಾರ ಕುಳಿತುಬಿಟ್ಟ. ಅವನ ಗಡಿಗೆಗಳೂ ಸಂತೆಗೆ ಹೋಗಬೇಕಾಗಿದ್ದವು.

"ಹಾಗಾದರೆ ನಾಲ್ಕು ಬೈದು ಕಳಿಸೋಣ," ಎಂದ ಒಬ್ಬ ರೈತ.

ಆಗ ವ್ಯಾಪಾರಿ ಕೈಯೆತ್ತಿದ. ಸಭೆ ಸುಮ್ಮನಾಯಿತು.

"ಬೈಗುಳ ಬೀದಿಯದು," ಎಂದು ಅವನು ನಿಧಾನವಾಗಿ ಹೇಳಿದ. "ಬೆನ್ನ ಹಿಂದೆ ಆಡುವುದು ನಿಂದೆ. ಕೈಲಾಗದವರು ಹಾಕುವುದು ಶಾಪ. ಸಭೆಗೆ ಒಪ್ಪುವ ಮಾತು ಖಂಡನೆ. ಖಂಡಿಸುವುದು ಎಂದರೆ ಕಡಿಯುವುದು. ಇದು ತಪ್ಪು, ಈ ತಪ್ಪಿಗೂ ನಮಗೂ ಇನ್ನು ನಂಟಿಲ್ಲ ಎಂದು ಕಡಿದು ಬೇರೆ ಮಾಡುವುದು. ಅದನ್ನು ಎದುರಿಗೇ ಹೇಳಬೇಕು. ಎದ್ದು ನಿಂತು ಹೇಳಬೇಕು. ಎಲ್ಲರೂ ಒಂದೇ ದನಿಯಲ್ಲಿ ಹೇಳಬೇಕು."

ಸಭೆಗೆ ಇದು ಹಿಡಿಸಿತು. ಎಲ್ಲರೂ ಎದ್ದರು. ವ್ಯಾಪಾರಿ ಅಂಬಿಗನ ಕಡೆ ತಿರುಗಿ, ಒಂದೊಂದು ಅಕ್ಷರವೂ ಕೇಳುವಂತೆ, "ನಿನ್ನ ಅಲಕ್ಷ್ಯದಿಂದ ಸಂಭವಿಸಿದ ಈ ದುರ್ಘಟನೆಯನ್ನು, ಅದಕ್ಕೆ ಕಾರಣವಾದ ನಿನ್ನ ನಡತೆಯನ್ನು ಈ ಊರು ಖಂಡಿಸುತ್ತದೆ," ಎಂದ.

"ಖಂಡಿಸುತ್ತೇವೆ," ಎಂದಿತು ಊರು.

ಬೈದಿದ್ದರೆ ಅಂಬಿಗ ಸಹಿಸಿಕೊಳ್ಳುತ್ತಿದ್ದನೇನೋ. ಇಷ್ಟು ಜನ ಒಟ್ಟಾಗಿ, ಸಿಟ್ಟಿಲ್ಲದೆ, ಒಂದೇ ಮಾತನ್ನು ತನಗೆ ಹೇಳಿದ್ದನ್ನು ಅವನು ಹಿಂದೆಂದೂ ಕೇಳಿರಲಿಲ್ಲ. ತಲೆವಸ್ತ್ರವನ್ನು ಎತ್ತಿಕೊಳ್ಳುವುದನ್ನೂ ಮರೆತು ಹೊರಟುಹೋದ.

ನೀಲವ್ವನ ತಾಯಿ ಕಟ್ಟೆಯ ಮಗ್ಗುಲಲ್ಲಿ ಕುಳಿತಿದ್ದಳು. ಸಭೆಯ ಉದ್ದಕ್ಕೂ ಅವಳು ಅತ್ತಿರಲಿಲ್ಲ. ಜನ ಕದಲತೊಡಗಿದಾಗ ವ್ಯಾಪಾರಿಯ ಹತ್ತಿರ ಬಂದಳು.

"ಯಜಮಾನರೇ, ಈಗ ಏನಾಯಿತು?"

"ಊರು ಅವನನ್ನು ಖಂಡಿಸಿತು, ತಾಯಿ."

"ನನ್ನ ಮಗಳ ಹೆಸರು ಅದರಲ್ಲಿ ಬರಲಿಲ್ಲವಲ್ಲ."

"ಅಂಥ ಮಾತಿನಲ್ಲಿ ಹೆಸರು ಬರುವುದಿಲ್ಲ, ತಾಯಿ. ದುರ್ಘಟನೆ ಎಂದರೆ ಅದರಲ್ಲಿ ಎಲ್ಲವೂ ಸೇರಿತು."

ಅವಳು ಸ್ವಲ್ಪ ಯೋಚಿಸಿ, "ನನಗೆ ಅಷ್ಟು ತಿಳಿಯದು. ನೀವು ದೊಡ್ಡವರು, ತಿಳಿದವರು," ಎಂದು ಹೇಳಿ ಮನೆಗೆ ಹೋದಳು.

ವ್ಯಾಪಾರಿಗೆ ಆ ದಿನ ಎದೆಯ ಭಾರ ಇಳಿದಂತಾಯಿತು. ಊರಿಗೂ ಹಾಗೆಯೇ ಆಯಿತು. ಹಿಂದಿನ ದಿನ ಒಲೆ ಹಚ್ಚದ ಮನೆಗಳಲ್ಲಿ ಅಂದು ಸಾರು ಕುದಿಯಿತು. ಸಂಜೆ ಕಟ್ಟೆಯ ಮೇಲೆ ಕುಳಿತವರು, ಯಜಮಾನರು ಎಷ್ಟು ತೂಕವಾಗಿ ಮಾತಾಡಿದರು ಎಂದು ಹೇಳಿಕೊಂಡರು. ಅಂಬಿಗನ ಮುಖ ಬಿಳಿಚಿದ್ದನ್ನು ಒಬ್ಬ ಬಣ್ಣಿಸಿದ. ಮಾತು ಹಾಗೆಯೇ ಮರುದಿನದ ಸಂತೆಯ ಕಡೆಗೆ ಹೊರಳಿತು.

ಅಲ್ಲಿ ಒಂದು ತೊಡಕು ಎದುರಾಯಿತು. ಖಂಡಿಸಿದವನ ದೋಣಿಯನ್ನು ಹತ್ತುವುದು ಹೇಗೆ? ವ್ಯಾಪಾರಿ ಅದಕ್ಕೂ ದಾರಿ ಹೇಳಿದ. ಯಾರೂ ಅಂಬಿಗನ ಜೊತೆ ಮಾತಾಡಬಾರದು. ದಾಟಿಸಿದ್ದಕ್ಕೆ ಕೊಡುವ ಕಾಳನ್ನು ಅವನ ಕೈಗೆ ಕೊಡದೆ ದೋಣಿಯೊಳಗೆ ಇಟ್ಟು ಇಳಿಯಬೇಕು. ಅವನ ಮುಖ ನೋಡದೆ, ಹೊಳೆಯ ಕಡೆ ತಿರುಗಿ ಕೂರಬೇಕು. ಹೀಗೆ ಮಾಡಿದರೆ ಊರಿನ ಮಾತಿನ ಮರ್ಯಾದೆಯೂ ಉಳಿಯುತ್ತದೆ, ಸಂತೆಯೂ ತಪ್ಪುವುದಿಲ್ಲ. ಎಲ್ಲರೂ ಒಪ್ಪಿದರು.

"ಸೀಳಿಗೆ ಬೇರೆ ಬಟ್ಟೆ ತುರುಕಿರುತ್ತಾನೆ ಬಿಡಿ," ಎಂದ ರೈತ. "ಈ ಸಲ ಗಟ್ಟಿಯಾಗಿ ತುರುಕಿರುತ್ತಾನೆ."

ಬೆಳಗಾಯಿತು. ಬುಟ್ಟಿ, ಗಂಟು, ಗಡಿಗೆ ಹೊತ್ತುಕೊಂಡು ಊರು ಕಡವಿಗೆ ಇಳಿಯಿತು. ವ್ಯಾಪಾರಿ ಹೆಗಲ ಮೇಲೆ ಕಂಬಳಿಯ ಗಂಟು ಹೊತ್ತು ಮುಂದೆ ನಡೆಯುತ್ತಿದ್ದ. ದೋಣಿಯಲ್ಲಿ ಯಾವ ಕಡೆ ಮುಖ ಮಾಡಿ ಕುಳಿತುಕೊಳ್ಳಬೇಕು ಎಂದು ಅವನು ಯೋಚಿಸುತ್ತಿದ್ದ. ಅಷ್ಟರಲ್ಲಿ ಕೆಳಗಿನಿಂದ ಕೊಡಲಿಯ ಸದ್ದು ಕೇಳಿತು. ಯಾರೋ ಸೌದೆ ಒಡೆಯುತ್ತಿರಬೇಕು ಎಂದುಕೊಂಡ.

ಇಳಿಜಾರು ಮುಗಿದ ಮೇಲೆ ಎಲ್ಲರಿಗೂ ಕಾಣಿಸಿತು.

ದೋಣಿ ಇರಲಿಲ್ಲ. ದೋಣಿ ಇದ್ದ ಜಾಗದಲ್ಲಿ ಹಲಗೆಯ ತುಂಡುಗಳು ಬಿದ್ದಿದ್ದವು. ಅಂಬಿಗ ಮೊಣಕಾಲೂರಿ ಕುಳಿತು, ಉಳಿದಿದ್ದ ಮೂತಿಯ ಮರವನ್ನು ಕಡಿಯುತ್ತಿದ್ದ. ಅವನ ಅಂಗೈ ಒಡೆದು ಕೊಡಲಿಯ ಹಿಡಿ ಕೆಂಪಾಗಿತ್ತು. ಜನ ಬಂದದ್ದನ್ನು ಕಂಡು ಎದ್ದು ನಿಂತ. ತಪ್ಪು ಮಾಡಿದವನ ಅಂಜಿಕೆ ಆ ಮುಖದಲ್ಲಿ ಕಾಣಲಿಲ್ಲ. ಒಪ್ಪಿಸಿದ ಕೆಲಸ ಮುಗಿಸಿದವನ ದಣಿವು ಕಾಣುತ್ತಿತ್ತು.

ವ್ಯಾಪಾರಿಯ ಹೆಗಲಿನಿಂದ ಗಂಟು ಜಾರಿ ಕೆಸರಿಗೆ ಬಿತ್ತು.

"ಏನು ಮಾಡಿದೆಯೋ?" ಎಂದು ಅವನು ಕೂಗಿದ.

"ನೀವು ಹೇಳಿದ್ದನ್ನೇ, ಯಜಮಾನರೇ," ಎಂದ ಅಂಬಿಗ. "ಊರೆಲ್ಲ ಎದ್ದು ನಿಂತು ಹೇಳಿತಲ್ಲ. ಕಡಿದು ಬೇರೆ ಮಾಡಬೇಕು ಎಂದಿರಿ. ಇದು ಹೀಗೇ ಇದ್ದರೆ ನಾನು ಮತ್ತೆ ಬಟ್ಟೆ ತುರುಕುತ್ತಿದ್ದೆ. ನೀವು ಮತ್ತೆ ಹತ್ತುತ್ತಿದ್ದಿರಿ."

"ನಾವು ಹೇಳಿದ್ದು ಮಾತು!" ಎಂದು ವ್ಯಾಪಾರಿ ಅರಚಿದ. "ಖಂಡಿಸಿದೆವು, ಅಷ್ಟೆ! ದೋಣಿ ಕಡಿ ಎಂದು ಯಾರು ಹೇಳಿದರು?"

ಆಮೇಲೆ ನಡೆದದ್ದು ಹೇಗೆ ಶುರುವಾಯಿತು ಎಂದು ಊರಿನಲ್ಲಿ ಯಾರಿಗೂ ಸರಿಯಾಗಿ ನೆನಪಿಲ್ಲ. ಒಬ್ಬ ಬುಟ್ಟಿ ಕೆಳಗಿಟ್ಟ. ಇನ್ನೊಬ್ಬ ದೋಣಿಯ ಹುಟ್ಟು ಎತ್ತಿಕೊಂಡ. ತರಕಾರಿಯವಳು ಎರಡೂ ಕೈಯಲ್ಲಿ ಮಣ್ಣು ತೂರಿದಳು. ಬೇವಾರ್ಸಿ, ಮನೆಹಾಳ, ಊರಿನ ಹೊಟ್ಟೆಯ ಮೇಲೆ ಹೊಡೆದೆಯಲ್ಲೋ ಎಂಬ ಕೂಗು ದಡದ ತುಂಬ ಎದ್ದಿತು. ದುರ್ಘಟನೆ, ಅಲಕ್ಷ್ಯ, ನಡತೆ, ಇವು ಯಾವುವೂ ಯಾರ ನಾಲಿಗೆಯ ಮೇಲೂ ಬರಲಿಲ್ಲ. ಹುಟ್ಟಿನ ಏಟು ಅಂಬಿಗನ ಕಿವಿಯ ಮೇಲೆ ಬಿತ್ತು. ಅವನು ಕೊಡಲಿಯನ್ನು ದೂರ ಎಸೆದು ನೆಲಕ್ಕೆ ಕುಸಿದ. ಬಿದ್ದವನನ್ನು ರೈತ ಒದ್ದ. ಆ ದೋಣಿ ನೀರಿಗೆ ಇಳಿಯುವುದು ಬೇಡ ಎಂದು ಹಿಂದಿನ ದಿನ ಹೇಳಿದ್ದ ಕುಂಬಾರ ಕೂಡ ಒದ್ದ.

ವ್ಯಾಪಾರಿ ಅವನ ಎದೆಯ ಬಟ್ಟೆ ಹಿಡಿದು ಎಬ್ಬಿಸಿ ಕೆನ್ನೆಗೆ ಹೊಡೆದ. ಮತ್ತೆ ಹೊಡೆದ. ಹೊಡೆಯುತ್ತಿದ್ದಾಗ ಅವನಿಗೆ ತಾನು ಹೊಡೆಯುತ್ತಿದ್ದೇನೆ ಎನಿಸಲಿಲ್ಲ. ಮೈಯೊಳಗೆ ಏನೋ ಹರಿದು ಹೊರಗೆ ಬರುತ್ತಿತ್ತು, ಅದು ಹಿತವಾಗಿಯೂ ಇತ್ತು. ಮುಂದಿನ ಏಟಿಗೆಂದು ಕೈ ಎತ್ತಿದ.

ಅಷ್ಟರಲ್ಲಿ ನೀಲವ್ವನ ತಾಯಿ ಇಳಿಜಾರು ಇಳಿದು ಬಂದಳು. ಮಗಳ ಹೆಸರಿನಲ್ಲಿ ಹೊಳೆಗೆ ಹಾಲು ಬಿಡಲು ಒಂದು ಬಟ್ಟಲು ಹಿಡಿದುಕೊಂಡಿದ್ದಳು. ದೂರದಿಂದಲೇ ಗದ್ದಲ ಕೇಳಿ, ಬಟ್ಟಲು ತುಳುಕದ ಹಾಗೆ ಅಂಗೈ ಮುಚ್ಚಿಕೊಂಡು ಓಡಿ ಬಂದಿದ್ದಳು. ಮುದುಕಿಗೆ ಏದುಸಿರು. ಜನರನ್ನು ಸರಿಸಿಕೊಂಡು ಒಳಗೆ ಬಂದು, ರಕ್ತ ನೋಡಿದಳು, ಮುರಿದ ಹಲಗೆ ನೋಡಿದಳು, ಎಲ್ಲರ ಮುಖ ನೋಡಿದಳು. ಅವಳ ಮುಖದಲ್ಲಿ ದಿಗಿಲು ತುಂಬಿತ್ತು.

"ಯಜಮಾನರೇ," ಎಂದು ಕೇಳಿದಳು, "ಇವತ್ತು ಯಾರು ಸತ್ತರು?"

ಅವಳು ಚುಚ್ಚಿ ಕೇಳಿದ್ದಲ್ಲ. ನಿಜವಾಗಿಯೇ ಕೇಳಿದಳು. ಊರು ಇಷ್ಟು ರೋಷದಿಂದ ಕೂಗುವುದನ್ನು ಕೇಳಿ, ಮತ್ತೆ ಯಾರದೋ ಮಗಳು ಹೋದಳು ಎಂದೇ ಅವಳು ತಿಳಿದಿದ್ದಳು.

"ಯಾರ ಮನೆಯವರು? ಹೇಳಿ. ಯಾರು?"

ವ್ಯಾಪಾರಿಯ ಕೈ ಗಾಳಿಯಲ್ಲಿ ಹಾಗೆಯೇ ನಿಂತಿತ್ತು. ಅವನು ತನ್ನ ಕೈಯನ್ನು ಕತ್ತೆತ್ತಿ ನೋಡಿದ. ನೀಲವ್ವನ ಹೆಣವನ್ನು ಮಡುವಿನಿಂದ ಎತ್ತಿದ ದಿನ ಈ ಕೈ ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿತ್ತು. ಸಭೆಯಲ್ಲಿ ಜನರನ್ನು ಸುಮ್ಮನಿರಿಸಲು ಎದ್ದಿತ್ತು. ಒಬ್ಬ ಮನುಷ್ಯನನ್ನು ಹೊಡೆಯಲು ಎದ್ದದ್ದು ಇವತ್ತೇ. ಅದೂ ನೀಲವ್ವನಿಗಾಗಿ ಎದ್ದದ್ದಲ್ಲ. ಅದು ಗೊತ್ತಾದ ಕೂಡಲೇ ಹಿಡಿದ ಬಟ್ಟೆಯನ್ನು ಬಿಟ್ಟ.

"ಯಾರೂ ಸತ್ತಿಲ್ಲ, ತಾಯಿ," ಎಂದ. "ದೋಣಿ ಹೋಯಿತು."

ಮುದುಕಿಗೆ ಅದು ತಲೆಗೆ ಹತ್ತಲು ಹೊತ್ತು ಹಿಡಿಯಿತು. ಹತ್ತಿದ ಮೇಲೆ ಬಟ್ಟಲು ವಾಲಿ ಹಾಲು ಚೆಲ್ಲತೊಡಗಿತು. ಸಭೆಯಲ್ಲಿ ಅಳದಿದ್ದವಳು ಅಲ್ಲಿ ನಿಂತು ಅತ್ತಳು. ಯಾರೂ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ. ಹೋಗುವ ಮುಖ ಯಾರಿಗೂ ಇರಲಿಲ್ಲ.

ಒಬ್ಬೊಬ್ಬರೇ ಬುಟ್ಟಿ ಎತ್ತಿಕೊಂಡು ಇಳಿಜಾರು ಹತ್ತಿದರು. ಯಾರೂ ಇನ್ನೊಬ್ಬರ ಮುಖ ನೋಡಲಿಲ್ಲ. ಕೊನೆಗೆ ಕಡವಿನಲ್ಲಿ ಉಳಿದವರು ಮುದುಕಿ, ಅಂಬಿಗ, ವ್ಯಾಪಾರಿ ಮೂವರೇ. ಮುದುಕಿ ಬಟ್ಟಲಿನಲ್ಲಿ ಉಳಿದಿದ್ದ ಹಾಲನ್ನು ಹೊಳೆಗೆ ಬಿಟ್ಟಳು. ತಿರುಗಿ ಬಂದು ಸೆರಗಿನ ಅಂಚು ಹರಿದು ಅಂಬಿಗನ ಅಂಗೈಗೆ ಕಟ್ಟಿದಳು.

"ಕ್ಷಮಿಸಿದೆ ಎಂದುಕೊಳ್ಳಬೇಡ," ಎಂದಳು. "ನಿನ್ನನ್ನು ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ. ಆದರೆ ಅವಳು ಸತ್ತಳು ಎಂದು ಈ ಊರಿನಲ್ಲಿ ನಿನಗೊಬ್ಬನಿಗೆ ಗೊತ್ತಾಗಿದೆ."

ಅಂಬಿಗ ತಲೆ ಬಗ್ಗಿಸಿ ಕುಳಿತಿದ್ದ. ಹುಟ್ಟಿನ ಏಟು ಬಿದ್ದ ಕಿವಿಯ ಕಡೆ ಅವಳು ನಿಂತಿದ್ದಳು. ಅವಳು ಹೇಳಿದ್ದರಲ್ಲಿ ಅವನಿಗೆ ಎಷ್ಟು ಕೇಳಿಸಿತೋ ತಿಳಿಯದು. ಆ ಕಿವಿ ಮತ್ತೆ ಸರಿಹೋಗಲಿಲ್ಲ.

ಆ ಮಳೆಗಾಲವೆಲ್ಲ ಊರು ಸೇತುವೆಯ ದಾರಿ ಹಿಡಿದು ಸಂತೆಗೆ ಹೋಯಿತು. ಹೋದ ದಿನ ಮರಳಿ ಬರಲಾಗಲಿಲ್ಲ ನಿಜ. ತರಕಾರಿ ಅಷ್ಟಿಷ್ಟು ಕೊಳೆತದ್ದೂ ನಿಜ. ಆದರೆ ಅದರಿಂದ ಯಾರೂ ಹಾಳಾಗಲಿಲ್ಲ. ದಸರೆ ಕಳೆದ ಮೇಲೆ ಹೊಸ ದೋಣಿ ನೀರಿಗೆ ಇಳಿಯಿತು. ಅದನ್ನು ನಡೆಸಲು ಅಂಬಿಗ ಒಪ್ಪಲಿಲ್ಲ. ಮುದುಕಿಯ ಎಮ್ಮೆಗೆ ಹುಲ್ಲು ಕೊಯ್ದು ತಂದು ಹಾಕುತ್ತ ಉಳಿದ. ಅವಳು ಅವನನ್ನು ಮಾತಾಡಿಸುತ್ತಿರಲಿಲ್ಲ. ಹಾಕಬೇಡ ಎಂದೂ ಹೇಳಲಿಲ್ಲ.

ವ್ಯಾಪಾರಿಯನ್ನು ಅದಾದ ಮೇಲೆ ಒಂದು ಸಲ ಸಭೆಗೆ ಕರೆದರು. ಯಾವುದೋ ತಪ್ಪಿಗೆ ಊರು ಮಾತು ಹೇಳಬೇಕಾಗಿತ್ತು. ಅವನು ಮಡಿಯುಟ್ಟು ಬಂದ, ಕಟ್ಟೆಯ ಮೇಲೆ ಕುಳಿತ, ಎದ್ದು ನಿಂತ. ಬಾಯಿ ತೆರೆದ. ಎದುರಿಗಿದ್ದವರೆಲ್ಲ ಅವನ ತುಟಿಯನ್ನೇ ನೋಡುತ್ತಿದ್ದರು. ಅವನ ಕಣ್ಣು ಮಾತ್ರ ತನ್ನ ಬಲಗೈಯ ಮೇಲಿತ್ತು. ಬಹಳ ಹೊತ್ತು ಹಾಗೇ ನಿಂತಿದ್ದು, ಒಂದು ಮಾತನ್ನೂ ಆಡದೆ ಕಟ್ಟೆ ಇಳಿದು ಮನೆಗೆ ಹೋದ.

ಗುರುಗಳು ಕತೆ ನಿಲ್ಲಿಸಿದರು.

ನಿಜಗುಣನ ಮುಖ ಬಾಡಿತ್ತು.

"ತಿಳಿಯಿತು, ಗುರುಗಳೇ. ಅದು ತುಂಬ ತೂಕದ ಮಾತು. ಹಗುರವಾಗಿ ಆಡಬಾರದು," ಎಂದ. "ಧಣಿ ಮಾಡಿದ ಕೆಲಸ ಆ ತೂಕಕ್ಕೆ ತಕ್ಕದ್ದೇ. ಹಾಗಾದರೆ ನಮ್ಮ ಮಾತಿನಲ್ಲಿ ಖಂಡನೆ ಎಂದೇ ಹಾಕಲೇ?"

ಒಳಗೆ ಪ್ರಸಾದದ ಗಂಟೆ ಮೊಳಗಿತು. ಗುರುಗಳು ಎದ್ದು, ಅವನ ಹೆಗಲ ಮೇಲೆ ಕೈಯಿಟ್ಟರು.

"ಇವತ್ತಿನ ಅನ್ನ ಧಣಿ ಕಳಿಸಿದ ಅಕ್ಕಿಯದು, ಮಗು, ಮೊದಲು ಹೋಗಿ ಉಂಡು ಬಾ, ಆಮೇಲೆ ಮಾತು ಯಾವುದೆಂದು ನೋಡೋಣ."